ನೋಡುವ ಮೊದಲೇ ಬರೆದ ಕೈ

1990ರ ಏಪ್ರಿಲ್‌ನಲ್ಲಿ ನಾನು ವಿಶಾಖಪಟ್ಟಣದ ಒಂದು ಖಾಸಗಿ ತಪಾಸಣಾ ಕಂಪನಿಯಲ್ಲಿ ಫಿಲ್ಮ್ ಇಂಟರ್‌ಪ್ರಿಟರ್ ಆಗಿದ್ದೆ. ವಯಸ್ಸು ಇಪ್ಪತ್ತಾರು, ಕೆಲಸಕ್ಕೆ ಸೇರಿ ಎರಡು ವರ್ಷ. ಹುದ್ದೆಯ ಹೆಸರು ಹೇಳಿದಾಗಲೆಲ್ಲ ಧಾರವಾಡದ ನೆಂಟರು ಯಾವ ಸಿನಿಮಾ ಎಂದು ಕೇಳುತ್ತಿದ್ದರು. ಸಿನಿಮಾಕ್ಕೂ ನನ್ನ ಕೆಲಸಕ್ಕೂ ಕತ್ತಲೆ ಕೋಣೆಯೊಂದೇ ಸಮಾನ.

ಕೆಲಸ ಇಷ್ಟು. ಎರಡು ಉಕ್ಕಿನ ಕೊಳವೆಗಳನ್ನು ವೆಲ್ಡಿಂಗ್ ಮಾಡಿ ಕೂಡಿಸಿದ ಜಾಗ ಹೊರಗಿನಿಂದ ಎಷ್ಟೇ ನುಣುಪಾಗಿದ್ದರೂ ಒಳಗೆ ಏನಿದೆಯೆಂದು ಕಣ್ಣಿಗೆ ತಿಳಿಯುವುದಿಲ್ಲ. ಆದ್ದರಿಂದ ಎದೆಯ ಎಕ್ಸ್‌ರೇ ತೆಗೆದಂತೆ ಅದಕ್ಕೂ ಚಿತ್ರ ತೆಗೆಯುತ್ತಾರೆ. ಕೊಳವೆಯ ಒಂದು ಬದಿಗೆ ಇರಿಡಿಯಂ ಎಂಬ ವಿಕಿರಣ ವಸ್ತು, ಇನ್ನೊಂದು ಬದಿಗೆ ಫಿಲ್ಮು. ನಾನು ಮುಂದೆ ಹೇಳಲಿರುವ ಸ್ಟೀಮ್ ಲೈನಿನ, ಅಂದರೆ ಹಬೆಯ ಕೊಳವೆಯ, ಒಂದೊಂದು ಜಾಯಿಂಟನ್ನು ಸುತ್ತುವರಿಯಲು ಆರು ಫಿಲ್ಮು ಬೇಕಾಗುತ್ತಿದ್ದವು. ತೊಳೆದು ಒಣಗಿಸಿದ ಆ ಫಿಲ್ಮುಗಳನ್ನು ಕತ್ತಲೆ ಕೋಣೆಯಲ್ಲಿ, ಪ್ರಖರ ದೀಪದ ಪೆಟ್ಟಿಗೆಯ ಮೇಲಿಟ್ಟು ಓದುವವನು ನಾನು. ಒಳಗೆ ಗಾಳಿಗುಳ್ಳೆ ಇದ್ದರೆ ಕಪ್ಪು ಚುಕ್ಕೆ ಕಾಣುತ್ತದೆ. ಬಿರುಕು ಕೂದಲಿನಂತೆ ಕಾಣುತ್ತದೆ. ಲೋಹ ತಳದವರೆಗೆ ಇಳಿಯದೆ ಹೋಗಿದ್ದರೆ ನಟ್ಟನಡುವೆ ನೇರವಾದ ಒಂದು ಕಪ್ಪು ಗೆರೆ. ಏನೂ ಇಲ್ಲದಿದ್ದರೆ ರಿಜಿಸ್ಟರಿನ ಹಾಳೆಯಲ್ಲಿ ಎನ್‌ಎಸ್‌ಡಿ ಎಂದು ಬರೆಯಬೇಕು. ಗಮನಾರ್ಹ ದೋಷವಿಲ್ಲ ಎಂಬುದರ ಇಂಗ್ಲಿಷ್ ಸಂಕ್ಷೇಪ ಅದು. ಹಾಳೆಯೊಂದಕ್ಕೆ ಮೂವತ್ತು ಸಾಲು, ಫಿಲ್ಮಿಗೊಂದು ಸಾಲು. ಕೆಳಗೆ ಸಹಿ.

ನನ್ನ ಮೇಲಧಿಕಾರಿ ನಂಜುಂಡಯ್ಯನವರು. ಮೈಸೂರಿನವರು, ಐವತ್ತು ದಾಟಿದ್ದರು. ವಿಶಾಖಪಟ್ಟಣದಲ್ಲಿ ಹನ್ನೆರಡು ವರ್ಷ ಕಳೆದ ಮೇಲೆ ಅವರ ಕನ್ನಡಕ್ಕೆ ತೆಲುಗಿನ ಮರ್ಯಾದೆಯ 'ಅಂಡಿ' ಅಂಟಿಕೊಂಡಿತ್ತು. ಅತಿಥಿಗಳಿಗೆ "ಕೂತ್ಕೊಳ್ಳಂಡಿ" ಎನ್ನುತ್ತಿದ್ದರು. ನನಗೆ ಮಾತ್ರ ಬರೀ "ಕೂತ್ಕೊ". ದ್ವಾರಕಾ ನಗರದಲ್ಲಿ ಎರಡನೆಯ ಮಹಡಿಯ ಮೇಲಿದ್ದ ನಮ್ಮ ಕಚೇರಿಗೆ ನಾನು ಮೊದಲ ದಿನ ಮಧ್ಯಾಹ್ನದ ಬಿಸಿಲಿನಲ್ಲಿ ಬಂದಾಗ ಕತ್ತಲೆ ಕೋಣೆಯ ಬಾಗಿಲಲ್ಲೇ ನಿಲ್ಲಿಸಿದರು.

"ಬಿಸಿಲಿಂದ ಬಂದಿದ್ದೀಯ. ಒಳಗೆ ಕೂತ್ಕೊ. ಹತ್ತು ನಿಮಿಷ."

"ಏನ್ ಮಾಡ್ಲಿರಿ ಸರ್, ಹತ್ತು ನಿಮಿಷ?"

"ಏನೂ ಮಾಡ್ಬೇಡ. ಅದೇ ಕೆಲಸ."

ಇದಕ್ಕೆ ಕಾರಣವಿತ್ತು, ಅದನ್ನು ನಾನು ಒಪ್ಪಿದೆ. ಬೆಳಕಿನಿಂದ ಬಂದ ಕಣ್ಣು ಕತ್ತಲೆಗೆ ಹೊಂದಿಕೊಳ್ಳದೆ ಫಿಲ್ಮಿನ ಸೂಕ್ಷ್ಮ ಛಾಯೆಗಳನ್ನು ಹಿಡಿಯಲಾರದು. ನಮ್ಮ ಕಾರ್ಯವಿಧಾನದ ಪತ್ರದಲ್ಲೇ ಅದು ಅಚ್ಚಾಗಿತ್ತು. ನನ್ನ ತಕರಾರು ಇದ್ದದ್ದು ಅವರ ಎರಡನೆಯ ಪದ್ಧತಿಯ ಬಗ್ಗೆ. ಒಂದು ಹಾಳೆ, ಅಂದರೆ ಮೂವತ್ತು ಫಿಲ್ಮು ಮುಗಿದ ಕೂಡಲೇ ಅವರು ಪೆಟ್ಟಿಗೆಯ ದೀಪ ಆರಿಸಿ, ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿ, ಮತ್ತೆ ಹತ್ತು ನಿಮಿಷ ಸುಮ್ಮನೆ ಕೂರುತ್ತಿದ್ದರು. ಎದುರಿಗೆ ರೇಡಿಯಂ ಮುಳ್ಳಿನ ಒಂದು ಟೈಂಪೀಸು. ಇದು ಯಾವ ಪತ್ರದಲ್ಲೂ ಇರಲಿಲ್ಲ.

ನಾನು ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳ ಷೀಲ್ಡು ಗೆದ್ದು ತಂದವನು. ಯಾರಾದರೂ ಕಣ್ಣು ಮುಚ್ಚಿ ಕೂತರೆ ಅದರ ಹಿಂದೆ ಒಂದೋ ಸೋಮಾರಿತನ, ಇಲ್ಲವೇ ಅಧ್ಯಾತ್ಮ ಇರಬೇಕೆಂಬುದು ನನ್ನ ಖಚಿತ ನಿಲುವು. ಎರಡನ್ನೂ ಕಚೇರಿಯ ಸಮಯದಲ್ಲಿ ಸಹಿಸಬಾರದು ಎಂಬುದು ಅದಕ್ಕಿಂತ ಖಚಿತ. ಆದ್ದರಿಂದ ಕೇಳಿಯೇ ಬಿಟ್ಟೆ.

"ಕಣ್ಣು ಕತ್ತಲಿಗೆ ಹೊಂದಿದ್ದು ಆತಲ್ರಿ ಸರ್. ಮತ್ಯಾಕ ಈ ಕೂಡೂದು?"

"ಇದು ಕಣ್ಣಿಗಲ್ಲ ಕಣಯ್ಯ, ಕೈಗೆ."

"ಕೈಗ್ಯಾಕ್ರಿ? ಫಿಲ್ಮೇನು ಐದು ಕೆಜಿ ತೂಗತದೇನು?"

ಅವರು ನಗಲಿಲ್ಲ. "ಮೂವತ್ತು ಫಿಲ್ಮ್ ಚೆನ್ನಾಗಿದ್ರೆ ಮೂವತ್ತೊಂದನೇದಕ್ಕೆ ಕೈ ತಾನಾಗೇ ಎನ್‌ಎಸ್‌ಡಿ ಬರ್ದುಬಿಡತ್ತೆ. ಕಣ್ಣು ಹಿಂದಿನಿಂದ ಹೋಗಿ ಹೆಬ್ಬೆಟ್ಟು ಒತ್ತತ್ತೆ. ಅದಕ್ಕೇ ಕೂತು, ಆಗಿಹೋದ ಮೂವತ್ತನ್ನೂ ಒಂದ್ಸಲ ಮನಸ್ಸಲ್ಲಿ ಓಡಿಸ್ತೀನಿ. ಯಾವುದು ನೆನಪಿಗೆ ಬರಲ್ವೋ ಅದನ್ನ ಮತ್ತೆ ಎತ್ತಿ ನೋಡ್ತೀನಿ."

"ಪುರಾವೆ ಏನದರಿ ಇದಕ್ಕ?"

"ಪುರಾವೆ ಬೇಕು ಅಂದ್ರೆ ಕೂರಬೇಡ. ಒಂದಿನ ತಾನಾಗೇ ಸಿಗತ್ತೆ, ವಕೀಲರೇ."

ಅಂದಿನಿಂದ ನಾನು ಅವರಿಗೆ ವಕೀಲ. ಎರಡು ವರ್ಷ ಅವರ ಪಕ್ಕದಲ್ಲಿ ಕೂತು ಆ ಹತ್ತು ನಿಮಿಷಗಳನ್ನು ಪಾಲಿಸಿದೆ. ಒಪ್ಪಿಗೆಯಿಂದಲ್ಲ, ಅವರು ದೀಪ ಆರಿಸಿದರೆ ನನಗೂ ಬೇರೆ ದಾರಿ ಇರುತ್ತಿರಲಿಲ್ಲ. ಕತ್ತಲಲ್ಲಿ ಕೂತು ನಾನು ಅವರ ವಿರುದ್ಧದ ವಾದಗಳನ್ನು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ.

ಏಪ್ರಿಲ್‌ನಲ್ಲಿ ನನ್ನನ್ನು ವಿಜಯವಾಡಕ್ಕೆ ಕಳಿಸಿದರು. ಊರ ಹೊರಗಿನ ಒಂದು ಕಾರ್ಖಾನೆಯಲ್ಲಿ ಬಾಯ್ಲರಿನಿಂದ ಹೊಸ ವಿಭಾಗಕ್ಕೆ ಸ್ಟೀಮ್ ಒಯ್ಯುವ ಕೊಳವೆ ಹಾಕುತ್ತಿದ್ದರು. ಕೊಳವೆ ಹಲವು ಭಾಗಗಳಲ್ಲಿ, ಕೊನೆಯ ಭಾಗವೊಂದರಲ್ಲೇ ಇನ್ನೂರ ಹತ್ತು ಜಾಯಿಂಟು. ಜೂನ್ ಕೊನೆಗೆ ಸ್ಟೀಮ್ ಬಿಡಬೇಕೆಂದು ಗಡುವು. ಆ ಕೊಳವೆ ಕಂಬಗಳ ಮೇಲೆ ಹಾದು, ಕ್ಯಾಂಟೀನಿಗೆ ಹೋಗುವ ದಾರಿಯ ಮೇಲಿನಿಂದಲೇ ಸಾಗುತ್ತಿತ್ತು. ಮಧ್ಯಾಹ್ನ ಹನ್ನೆರಡೂವರೆಗೆ ಇನ್ನೂರು ಜನ ಅದರ ಕೆಳಗೆ ನಡೆದು ಊಟಕ್ಕೆ ಹೋಗುತ್ತಿದ್ದರು. ಈ ಸಂಗತಿ ನಕ್ಷೆಯಲ್ಲಿ ಇತ್ತು, ನನಗೆ ಗೊತ್ತಿತ್ತು.

ಪಟಮಟದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಮನೆಯ ಮಾಲೀಕರು ನಿವೃತ್ತ ಮೇಷ್ಟ್ರು. ಸಂಜೆ ಪತ್ರಿಕೆ ಹಿಡಿದು ಕೂತರೆ ನನ್ನೊಂದಿಗೆ ವಾದಕ್ಕಿಳಿಯುವ ಉತ್ಸಾಹಿ. ಬೆಳಿಗ್ಗೆ ಸಿಟಿ ಬಸ್ಸು ಹಿಡಿದು ಕಾರ್ಖಾನೆಗೆ. ಅಲ್ಲಿ ತಗಡಿನ ಒಂದು ಕ್ಯಾಬಿನ್ನು, ಕಿಟಕಿಗೆ ಕಪ್ಪು ಬಟ್ಟೆ, ಒಳಗೆ ಏರ್‌ಕಂಡಿಷನರ್. ಮೇ ತಿಂಗಳ ವಿಜಯವಾಡದಲ್ಲಿ ಏರ್‌ಕಂಡಿಷನರ್ ಇದ್ದವನೇ ದೊಡ್ಡ ಮನುಷ್ಯ. ಅದು ನನಗಲ್ಲ, ಫಿಲ್ಮುಗಳಿಗೆಂದು ಹಾಕಿದ್ದು. ಆದರೂ ಸೈಟ್ ಎಂಜಿನಿಯರ್ ಪ್ರಸಾದರಾವ್ ದಿನಕ್ಕೆ ಮೂರು ಸಲ "ಪ್ರಗತಿ ನೋಡಲು" ಬಂದು ಶರ್ಟಿನ ಮೇಲಿನ ಗುಂಡಿ ಬಿಚ್ಚಿ ನಿಲ್ಲುತ್ತಿದ್ದರು.

ಮೊದಲ ವಾರಗಳಲ್ಲಿ ನಾನು ನಂಜುಂಡಯ್ಯನವರ ಕ್ರಮವನ್ನೇ ಅನುಸರಿಸಿದೆ. ದಿನಕ್ಕೆ ಮೂರು ಹಾಳೆ, ತೊಂಬತ್ತು ಫಿಲ್ಮು. ನೂರಕ್ಕೆ ಏಳರಂತೆ ದೋಷ ಸಿಗುತ್ತಿತ್ತು. ದೋಷ ಸಿಕ್ಕರೆ ಆ ಜಾಯಿಂಟಿನ ವೆಲ್ಡರನ್ನು ಒಳಗೆ ಕರೆದು ಫಿಲ್ಮು ತೋರಿಸಿ ಜಗಳ ಮಾಡುವುದು ನನಗೆ ಬಹಳ ಇಷ್ಟ. ಅವರಲ್ಲಿ ಅಪ್ಪಲರಾಜು ಎಂಬ ವೆಲ್ಡರ್ ಶ್ರೀಕಾಕುಳದ ಕಡೆಯವನು, ಒಳ್ಳೆಯ ಕೈಗಾರ, ನನ್ನಷ್ಟೇ ವಾದಿ. ಫಿಲ್ಮಿನಲ್ಲಿ ಚುಕ್ಕೆ ತೋರಿಸಿದರೆ "ಸಾರ್, ಅದು ದೋಮ" ಎನ್ನುತ್ತಿದ್ದ. ಸೊಳ್ಳೆ ಕೂತಿದೆಯಂತೆ. ಅರ್ಧ ಗಂಟೆ ಕಿತ್ತಾಡಿ ಕೊನೆಗೆ ಒಪ್ಪಿ, ಹೋಗಿ ರಿಪೇರಿ ಮಾಡುತ್ತಿದ್ದ.

ಮೇ ತಿಂಗಳಲ್ಲಿ ಒಂದು ದಿನ ಕೂತು ಲೆಕ್ಕ ಹಾಕಿದೆ. ಹಾಳೆಗೆ ಹತ್ತು ನಿಮಿಷದ ವಿರಾಮ ಬಿಟ್ಟುಬಿಟ್ಟರೆ, ವೆಲ್ಡರುಗಳ ಜೊತೆಗಿನ ಮಾತೂ ಕಡಿಮೆಯಾದರೆ, ದಿನಕ್ಕೆ ನಾಲ್ಕು ಹಾಳೆ, ಐದೂ ಆಗುತ್ತದೆ. ಬಿಟ್ಟೆ. ಆಯಿತು. ಕಂಪನಿಯ ಮ್ಯಾನೇಜರರು ಫೋನಿನಲ್ಲಿ ಹೊಗಳಿದರು. ಹೊಗಳಿಕೆಯ ಬೆನ್ನಿಗೇ ಇನ್ನೊಂದು ಸೈಟಿನ, ನೀರಿನ ಕೊಳವೆಯೊಂದರ ಫಿಲ್ಮುಗಳೂ ನನ್ನ ಕ್ಯಾಬಿನ್ನಿಗೆ ಬರತೊಡಗಿದವು. ಬೇಗ ಮುಗಿಸಿದವನಿಗೆ ಸಿಗುವ ಬಹುಮಾನ ಇನ್ನಷ್ಟು ಕೆಲಸ ಎಂಬುದನ್ನು ನಾನು ಆಗ ಗಮನಿಸಲಿಲ್ಲ. ಗಮನಿಸಲು ಬೇಕಾಗಿದ್ದ ಹತ್ತು ನಿಮಿಷವನ್ನು ನಾನೇ ರದ್ದು ಮಾಡಿದ್ದೆ. ಜೂನ್ ಹೊತ್ತಿಗೆ ದಿನಕ್ಕೆ ಆರು ಹಾಳೆ, ಭಾನುವಾರವೂ ಸೇರಿ.

ನನಗೆ ದಣಿವಾಗಿದೆ ಎಂದು ಅನಿಸಲೇ ಇಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಕೆಲಸದಿಂದ ಬತ್ತಿಹೋದವನು ತಲೆ ಹಿಡಿದು ಕೂರುತ್ತಾನೆ, ಅಳುತ್ತಾನೆ, ರಜೆ ಕೇಳುತ್ತಾನೆ ಎಂದು ನಾನೂ ತಿಳಿದಿದ್ದೆ. ನನಗೆ ಆದದ್ದು ಬೇರೆ. ನಾನು ವಾದ ಮಾಡುವುದನ್ನು ಬಿಟ್ಟೆ. ಮೇಷ್ಟ್ರು ಪತ್ರಿಕೆ ಎತ್ತಿ ಏನೋ ಕೆಣಕಿದರೆ "ಹೌದು ಸರ್, ಇರಬಹುದು" ಎಂದು ಒಳಗೆ ಹೋಗುತ್ತಿದ್ದೆ. ಅವರು ಗಾಬರಿಯಿಂದ "ಒಂಟ್ಲೋ ಬಾಗುಂದಾ?" ಎಂದು, ಮೈ ಸರಿಯಿದೆಯಾ ಎಂದು ಕೇಳಿದರು. ಧಾರವಾಡದಿಂದ ಬಂದ ಮೂರು ಪತ್ರ ಒಡೆಯದೆ ಬಿದ್ದಿದ್ದವು. ಎರಡು ಸಲ ಬಸ್ಸಿನಲ್ಲಿ ನನ್ನ ಸ್ಟಾಪು ದಾಟಿಹೋಯಿತು. ಒಂದು ದಿನ ಅಪ್ಪಲರಾಜು ಕ್ಯಾಬಿನ್ನಿನ ಬಾಗಿಲಲ್ಲಿ ನಿಂತು, "ಈ ಮಧ್ಯ ಮೀರು ತಿಟ್ಟಡಂ ಲೇದು ಸಾರ್" ಎಂದ. ಇತ್ತೀಚೆಗೆ ನೀವು ಬೈಯುತ್ತಲೇ ಇಲ್ಲ ಎಂದು ಅವನ ದೂರು. "ನಿನ್ನ ಕೆಲಸ ಚೆನ್ನಾಗಿದೆ, ಯಾಕೆ ಬೈಯಲಿ?" ಎಂದೆ. ಅವನು ನನ್ನ ಮುಖವನ್ನೇ ನೋಡಿ ಹೋದ.

ಕೆಲಸ ಚೆನ್ನಾಗಿತ್ತು ಎಂಬುದಕ್ಕೆ ನನ್ನ ಬಳಿ ಅಂಕಿ ಇತ್ತು. ನೂರಕ್ಕೆ ಏಳು ಇದ್ದ ದೋಷ ಜೂನ್‌ನಲ್ಲಿ ನೂರಕ್ಕೆ ಎರಡಕ್ಕೆ ಇಳಿದಿತ್ತು. ವೆಲ್ಡರುಗಳ ಕೈ ಕುದುರಿದೆ ಎಂದು ಪ್ರಸಾದರಾವ್ ಸಂಭ್ರಮಿಸಿದರು, ನಾನೂ ತಲೆಯಾಡಿಸಿದೆ. ಅಂಕಿ ಇಳಿದರೆ ಅದಕ್ಕೆ ಎರಡು ಕಾರಣ ಇರಬಹುದು: ವೆಲ್ಡು ಸುಧಾರಿಸಿರಬೇಕು, ಅಥವಾ ನೋಡುವ ಕಣ್ಣು ಕೆಟ್ಟಿರಬೇಕು. ಚರ್ಚೆಯ ಮೊದಲ ಪಾಠ ಇದು. ಎದುರಾಳಿ ಅಂಥ ಅಂಕಿ ತಂದಿದ್ದರೆ ನಿಂತಲ್ಲೇ ಕತ್ತರಿಸಿ ಹಾಕುತ್ತಿದ್ದೆ. ಅಂಕಿ ನನ್ನದಾಗಿತ್ತು, ಸುಮ್ಮನಿದ್ದೆ.

ಈಗ ಹೇಳಬೇಕಾದದ್ದು ಹೇಳುತ್ತೇನೆ. ಜೂನ್ ಎರಡನೆಯ ವಾರದಿಂದ ನಾನೊಂದು ಉಪಾಯ ಮಾಡಿದ್ದೆ. ಹೊಸ ಹಾಳೆ ತೆಗೆದ ಕೂಡಲೇ ಮೊದಲ ಸಾಲಿನಲ್ಲಿ ಎನ್‌ಎಸ್‌ಡಿ ಬರೆದು, ಕೆಳಗಿನ ಇಪ್ಪತ್ತೊಂಬತ್ತು ಸಾಲಿಗೂ ಅದೇ ಎಂಬ ಗುರುತು ಎಳೆದುಬಿಡುವುದು. ಆಮೇಲೆ ಫಿಲ್ಮು ನೋಡುವುದು. ದೋಷ ಕಂಡರೆ ಆ ಸಾಲನ್ನು ಹೊಡೆದು ತಿದ್ದುವುದು. ಹೇಗೂ ಬಹುತೇಕ ಸಾಲುಗಳಲ್ಲಿ ಬರುವುದು ಅದೇ ಮಾತು, ಎಲ್ಲವನ್ನೂ ಬರೆಯುವುದಕ್ಕಿಂತ ನಾಲ್ಕನ್ನು ತಿದ್ದುವುದು ಸುಲಭವಲ್ಲವೇ? ವಾದದಲ್ಲಿ ಬಿರುಕಿಲ್ಲ. ಆದರೆ ರಿಜಿಸ್ಟರಿನಲ್ಲಿ ಹೊಡೆದ ಪ್ರತಿ ಸಾಲಿಗೂ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ ಕಾರಣ ಬರೆಯಬೇಕು. ನಾಲ್ಕು ಕಡೆ ಹೊಡೆದ ಹಾಳೆ ಕಣ್ಣಿಗೆ ಕೊಳಕು. ಬರೆದಾದ ಮೇಲೆ ಕೈಗೆ ತಿದ್ದಲು ಮನಸ್ಸು ಬಾರದು. ಕೈಗೆ ಮನಸ್ಸು ಬಾರದ್ದನ್ನು ಕಣ್ಣು ನೋಡದು. ಇದನ್ನು ಈಗ ಹೇಳಬಲ್ಲೆ. ಆಗ ನನಗೆ ಕಂಡದ್ದು ಉಳಿದ ಸಮಯ ಮಾತ್ರ.

ಜೂನ್ 27ರಂದು ಬೆಳಗಿನ ರೈಲಿನಲ್ಲಿ ನಾನು ಕೊನೆಯ ಐದು ಹಾಳೆ ಮತ್ತು ಅವುಗಳ ನೂರೈವತ್ತು ಫಿಲ್ಮು ಹಿಡಿದು ವಿಶಾಖಪಟ್ಟಣಕ್ಕೆ ಹೊರಟೆ. ನಂಜುಂಡಯ್ಯನವರು ಹತ್ತಕ್ಕೆ ಒಂದರಂತೆ ಫಿಲ್ಮು ನೋಡಿ ಮೇಲುಸಹಿ ಹಾಕಬೇಕಿತ್ತು. ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಸ್ಟೀಮು. ಮೇಲುಸಹಿಯಾದ ಕೂಡಲೇ ಫೋನ್ ಮಾಡಬೇಕೆಂದು ಪ್ರಸಾದರಾವ್ ಎರಡು ಸಲ ಹೇಳಿದ್ದರು. ಎರಡು ಗಂಟೆಗೆ ದ್ವಾರಕಾ ನಗರದ ಮೆಟ್ಟಿಲು ಹತ್ತಿದೆ.

"ಬಿಸಿಲಿಂದ ಬಂದಿದ್ದೀಯ. ಕೂತ್ಕೊ."

"ಕೂಡೂದು ಬ್ಯಾಡ್ರಿ ಸರ್. ನಾಳೆ ಸ್ಟೀಮ್ ಬಿಡ್ತಾರ. ನೀವು ನೋಡಿ ಸೈನ್ ಹಾಕಿಬಿಡ್ರಿ."

"ನಾಳೆ ತಾನೆ? ಇವತ್ತು ಹತ್ತು ನಿಮಿಷ ಇದೆ." ಬಾಗಿಲು ಎಳೆದುಕೊಂಡರು.

ಮೊದಲ ಕೆಲವು ನಿಮಿಷ ಕೋಪದಲ್ಲೇ ಹೋದವು. ಎರಡೂವರೆ ತಿಂಗಳು ನಾನೊಬ್ಬನೇ ಒಂದು ಸೈಟು ನಡೆಸಿದ್ದೇನೆ, ಇನ್ನೂ ಈ ಶಾಲೆಯ ಶಿಕ್ಷೆ ಯಾಕೆ ಎಂದು ಒಂದು ಭಾಷಣ ಸಿದ್ಧಪಡಿಸಿದೆ. ಭಾಷಣ ಮುಗಿಯಿತು. ಟೈಂಪೀಸಿನ ಹಸಿರು ಮುಳ್ಳು ಇನ್ನೂ ನಾಲ್ಕನೆಯ ನಿಮಿಷದಲ್ಲೇ ಇತ್ತು. ಬೇರೆ ಮಾಡುವುದಕ್ಕೇನೂ ಇರಲಿಲ್ಲ. ಬರೀ ಬೇಸರಕ್ಕೆ, ಅವರ ಹಳೆಯ ಆಟವನ್ನು ಆಡಿ ನೋಡೋಣವೆಂದು, ಹಿಂದಿನ ದಿನದ ಹಾಳೆಯನ್ನು ಮನಸ್ಸಿನಲ್ಲಿ ತೆರೆದೆ. ಜಾಯಿಂಟು 186ರಿಂದ 190. ನೂರಾ ಎಂಬತ್ತೊಂಬತ್ತು ಬಂತು: ಅದು ಅಪ್ಪಲರಾಜುವಿನದು, ಚೆನ್ನಾಗಿದೆ ಎಂದು ಅವನಿಗೆ ನಾನೇ ಹೇಳಿದ್ದೆ. ನೂರಾ ಎಂಬತ್ತೇಳು ಬರಲಿಲ್ಲ. ಊಟವಾದ ಮೇಲೆ ನೋಡಿದ್ದು ಅದು. ಆ ದಿನದ ಗೋಂಗೂರ ಪಚ್ಚಡಿ ನೆನಪಾಯಿತು, ಏರ್‌ಕಂಡಿಷನರಿನಿಂದ ಬಕೆಟ್ಟಿಗೆ ತೊಟ್ಟಿಕ್ಕುತ್ತಿದ್ದ ನೀರು ನೆನಪಾಯಿತು. ಆರು ಫಿಲ್ಮುಗಳಲ್ಲಿ ಒಂದೂ ನೆನಪಾಗಲಿಲ್ಲ. ಬರೆದ ಕೈ ಮಾತ್ರ ನೆನಪಿತ್ತು: ಹಾಳೆಯ ಮೇಲಿನಿಂದ ಕೆಳಕ್ಕೆ ಗುರುತು ಎಳೆಯುತ್ತ ಇಳಿದ ಕೈ.

"ಸರ್."

"ಇನ್ನೂ ಮೂರು ನಿಮಿಷ ಇದೆ."

"ನೂರಾ ಎಂಬತ್ತೇಳು ನಾ ನೋಡಿಲ್ಲ ಅನಸ್ತದರಿ."

ಕತ್ತಲಲ್ಲಿ ಕುರ್ಚಿ ಸರಿದ ಸದ್ದು. "ಅನಸತ್ತೆ ಅಂದ್ರೆ?"

"ಬರದೀನಿ. ನೋಡಿದ್ದು ನೆನಪಿಲ್ಲ."

"ಮೊದಲು ಬರದು ಆಮೇಲೆ ನೋಡಿದ್ಯಾ?"

"ಹೌದ್ರಿ."

"ಎಷ್ಟು ದಿನದಿಂದ?"

"ಎರಡು ವಾರ."

ಬೈಯುತ್ತಾರೆ ಎಂದು ಕಾದೆ. "ತೆಗಿ ಎಂಬತ್ತೇಳನ್ನ" ಎಂದರು, ಅಷ್ಟೇ. ದೀಪದ ಪೆಟ್ಟಿಗೆ ಹೊತ್ತಿತು. ಆರು ಫಿಲ್ಮನ್ನೂ ಇಬ್ಬರೂ ಒಂದೊಂದಾಗಿ ನೋಡಿದೆವು. ಸ್ವಚ್ಛ. ಒಂದು ಚುಕ್ಕೆ ಸಹ ಇಲ್ಲ. ಭಯ ಹೋದ ಕೂಡಲೇ ನನ್ನ ಬಾಯಿ ತೆರೆಯಿತು.

"ನೋಡ್ರಿ ಸರ್, ಬರೋಬ್ಬರಿ ಅದ. ಸುಮ್ನ ಹೆದರಿದೆ."

"ಇದೇನು ವಾದ ವಕೀಲರೇ? ಒಂದು ಸರಿ ಇದೆ, ಆದ್ದರಿಂದ ಉಳಿದದ್ದೂ ಸರಿ?" ಅವರ ಕೈ ಆಗಲೇ ಮುಂದಿನ ಲಕೋಟೆಯ ಮೇಲಿತ್ತು.

ನೂರಾ ಎಂಬತ್ತೆಂಟು ಸ್ವಚ್ಛ. ನೂರಾ ಎಂಬತ್ತೊಂಬತ್ತರ ಮೂರನೆಯ ಫಿಲ್ಮು ಪೆಟ್ಟಿಗೆಯ ಮೇಲೆ ಬಂದಾಗ ಇಬ್ಬರೂ ಮುಂದಕ್ಕೆ ಬಾಗಿದೆವು. ವೆಲ್ಡಿನ ನಟ್ಟನಡುವೆ ಒಂದು ಕಪ್ಪು ಗೆರೆ, ಸ್ಕೇಲು ಹಿಡಿದು ಎಳೆದಂತೆ ನೇರ. ಫಿಲ್ಮಿನ ಅಂಚಿನವರೆಗೆ ಹೋಗಿ, ನಾಲ್ಕನೆಯ ಫಿಲ್ಮಿನಲ್ಲಿ ಮುಂದುವರಿದಿತ್ತು. ಒಟ್ಟು ಮೂರು ಅಂಗುಲಕ್ಕೂ ಹೆಚ್ಚು. ಇದು ಸೂಕ್ಷ್ಮ ದೋಷವಲ್ಲ. ತರಬೇತಿಯ ಮೊದಲ ವಾರದಲ್ಲಿ ತೋರಿಸುವ ದೋಷ. ಲೋಹ ತಳಕ್ಕೆ ಇಳಿದೇ ಇರಲಿಲ್ಲ. ಸ್ಟೀಮಿನ ಒತ್ತಡ ಆ ಗೆರೆಯನ್ನು ಮೊದಲ ದಿನವೇ ಹರಿಯುತ್ತಿತ್ತೋ ವರ್ಷದ ಮೇಲೆ ಹರಿಯುತ್ತಿತ್ತೋ ನಾನು ಹೇಳಲಾರೆ. ಹೇಳಬಲ್ಲೆ ಎನ್ನುವವರನ್ನು ನಂಬಲಾರೆ. ಆದರೆ ನಕ್ಷೆಯ ಪ್ರಕಾರ ನೂರಾ ಎಂಬತ್ತೊಂಬತ್ತನೆಯ ಜಾಯಿಂಟು ಎಲ್ಲಿತ್ತು ಎಂಬುದು ನನಗೆ ಬಾಯಿಪಾಠವಿತ್ತು. ಕ್ಯಾಂಟೀನಿನ ದಾರಿಯ ಮೇಲೆ.

ನನ್ನನ್ನು ಹೆಚ್ಚು ಕಲಕಿದ್ದು ಗೆರೆಯಲ್ಲ. ನೋಡಿಲ್ಲವೆಂದು ನಾನು ಹೆದರಿದ ಜಾಯಿಂಟು ಸರಿಯಿತ್ತು. ನೋಡಿದ್ದೇನೆಂದು ಖಚಿತವಾಗಿದ್ದ ಜಾಯಿಂಟು ಕೆಟ್ಟಿತ್ತು. ನನಗೆ ನೆನಪಿದ್ದದ್ದು ಫಿಲ್ಮಲ್ಲ, ಅಪ್ಪಲರಾಜುವಿಗೆ "ಚೆನ್ನಾಗಿದೆ" ಎಂದ ನನ್ನದೇ ಮಾತು.

"ಸರ್, ನಿಮ್ಮ ಲೆಕ್ಕನೂ ತಪ್ಪಿತಲ್ರಿ. ನೆನಪಿಗೆ ಬಂದದ್ದನ್ನ ನೀವು ಮತ್ತ ನೋಡೂದಿಲ್ಲ."

ನಂಜುಂಡಯ್ಯನವರು ಆ ಫಿಲ್ಮನ್ನು ಪಕ್ಕಕ್ಕೆ ತೆಗೆದಿಟ್ಟರು. "ಹೌದು ಕಣಯ್ಯ" ಎಂದರು. "ಇಷ್ಟು ವರ್ಷ ಅದನ್ನ ಹಾಗೇ ತಿಳ್ಕೊಂಡಿದ್ದೆ."

ನನ್ನ ಎರಡು ವರ್ಷದ ಚರ್ಚೆಯಲ್ಲಿ ಅವರು ಸೋಲೊಪ್ಪಿದ್ದು ಅದೊಂದೇ ಸಲ. ಗೆದ್ದ ಖುಷಿ ನನಗೆ ಆಗಲಿಲ್ಲ.

ಆಮೇಲೆ ನಾನು ಆಡಿದ ಮಾತನ್ನು ಬಿಟ್ಟುಬಿಡುವ ಆಸೆ ಇದೆ, ಬಿಡುವುದಿಲ್ಲ. "ಒಂದು ಜಾಯಿಂಟ್ ಮರುಪರೀಕ್ಷೆ ಬೇಕು ಅಂತ ಹೇಳಿದ್ರ ಸಾಕಲ್ರಿ?" ಎಂದೆ. ಮರುಪರೀಕ್ಷೆ ಎನ್ನುವುದು ನಮ್ಮಲ್ಲಿ ಮರ್ಯಾದೆಯ ಪದ. ಅದರಲ್ಲಿ ಯಾರ ತಪ್ಪೂ ಇರುವುದಿಲ್ಲ. ನನ್ನ ಸಹಿಯ ಅಧಿಕಾರ ಉಳಿಯುತ್ತಿತ್ತು. ಅದಿಲ್ಲದೆ ನನ್ನ ವೃತ್ತಿಯಲ್ಲಿ ನಾನು ಬರೀ ಫಿಲ್ಮು ತೊಳೆಯುವವನು.

"ಸಾಕು. ಉಳಿದ ಎರಡು ವಾರದ್ದನ್ನ ಏನ್ಮಾಡ್ತೀಯ?"

ಫೋನು ನಾನೇ ಎತ್ತಿದೆ. ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಪ್ರಸಾದರಾವ್ ಮೊದಲ ರಿಂಗಿಗೇ ಸಿಕ್ಕರು. ಮೇಲುಸಹಿಯ ಸುದ್ದಿಗಾಗಿ ಕಾದಿದ್ದರು. ನಾವು ಮಾತಾಡುತ್ತಿದ್ದದ್ದು ಅರ್ಧ ಇಂಗ್ಲಿಷು, ಅರ್ಧ ತೆಲುಗು, ಕನ್ನಡದಲ್ಲಿ ಬರೆಯುತ್ತೇನೆ.

"ಪ್ರಸಾದರಾವುಗಾರೂ, ನಾಳೆ ಸ್ಟೀಮ್ ಬಿಡಬೇಡಿ."

"ಏಮಂಡಿ, ತಮಾಷೆಯಾ? ಬಾಯ್ಲರ್ ಹೊತ್ತಿಸೋಕೆ ಜನ ನಿಂತಿದ್ದಾರೆ."

"ನೂರಾ ಎಂಬತ್ತೊಂಬತ್ತರಲ್ಲಿ ದೋಷ ಇದೆ. ಉಳಿದವನ್ನೂ ನೋಡಬೇಕು."

ಕಾಗದ ತಿರುವಿದ ಸದ್ದು ಕೇಳಿಸಿತು. "ನಿಮ್ಮ ಹಾಳೆಯ ಕಾರ್ಬನ್ ಪ್ರತಿ ನನ್ನ ಮುಂದೆ ಇದೆ. ನೂರಾ ಎಂಬತ್ತೊಂಬತ್ತು, ಎನ್‌ಎಸ್‌ಡಿ. ಕೆಳಗೆ ನಿಮ್ಮ ಸಹಿ."

"ಸಹಿ ನನ್ನದೇ. ಫಿಲ್ಮು ಸರಿಯಾಗಿ ನೋಡದೆ ಹಾಕಿದ ಸಹಿ."

"ಇದನ್ನ ಬರೆದು ಕೊಡ್ತೀರಾ?"

"ಕೊಡ್ತೀನಿ."

ನಂಜುಂಡಯ್ಯನವರು ನನ್ನ ಕೈಯಿಂದ ರಿಸೀವರ್ ತೆಗೆದುಕೊಂಡರು. "ನಂಜುಂಡಯ್ಯ ಮಾತಾಡೋದಂಡಿ. ಇದಕ್ಕೆ ಮುಂಚೆ ಬಂದ ಎರಡು ಕಂತಿನ ಹಾಳೆಗಳಿಗೆ ಮೇಲುಸಹಿ ನನ್ನದು. ಇವನ ಮೇಲೆ ನಂಬಿಕೆ ಇಟ್ಟು ಹತ್ತಕ್ಕೆ ಒಂದೇ ನೋಡಿದ್ದೆ. ಪತ್ರದಲ್ಲಿ ಎರಡು ಹೆಸರು ಇರತ್ತೆ." ಅರ್ಧ ಗಂಟೆಯಲ್ಲಿ ಟೆಲೆಕ್ಸ್ ಹೋಯಿತು. ಎರಡು ಹೆಸರೂ ಇದ್ದವು.

ಮರುದಿನ ಇಬ್ಬರೂ ವಿಜಯವಾಡಕ್ಕೆ ಹೋದೆವು. ನಾನು ಮೊದಲೇ ಬರೆದಿಟ್ಟು ನೋಡಿದ ಹಾಳೆಗಳು ಎಪ್ಪತ್ತೆಂಟು, ಫಿಲ್ಮುಗಳು ಎರಡು ಸಾವಿರದ ಮುನ್ನೂರ ನಲವತ್ತು. ಅಷ್ಟನ್ನೂ ಇಬ್ಬರು ಕೂತು, ಹಾಳೆಗೊಂದು ವಿರಾಮದಂತೆ, ಹತ್ತು ದಿನದಲ್ಲಿ ಮತ್ತೆ ಓದಿದೆವು. ನಾಲ್ಕು ಜಾಯಿಂಟುಗಳಲ್ಲಿ ದೋಷ ಸಿಕ್ಕಿತು, ಎರಡು ಸ್ಟೀಮ್ ಲೈನಿನಲ್ಲಿ, ಎರಡು ನೀರಿನ ಕೊಳವೆಯಲ್ಲಿ. ನಾನು ದೋಷವೆಂದು ಹೊಡೆದು ತಿದ್ದಿದ್ದ ಎರಡು ಸಾಲುಗಳು ದೋಷವೇ ಅಲ್ಲ, ತೊಳೆಯುವಾಗ ಫಿಲ್ಮಿನ ಮೇಲೆ ಉಳಿದ ನೀರಿನ ಕಲೆ. ಬತ್ತಿದ ಕಣ್ಣು ಬರೀ ಉದಾರಿಯಾಗುತ್ತದೆ ಎಂದು ಯಾರಾದರೂ ತಿಳಿದಿದ್ದರೆ ಇದನ್ನೂ ಗಮನಿಸಲಿ. ಅದು ಇಲ್ಲದ್ದನ್ನೂ ಕಾಣುತ್ತದೆ. ಸರಿಯಿದ್ದ ಕೆಲಸವನ್ನು ಒಬ್ಬ ವೆಲ್ಡರ್ ಕಿತ್ತು ಮತ್ತೆ ಮಾಡಿದ್ದ, ನನ್ನ ಮಾತು ಕೇಳಿ.

ನೂರಾ ಎಂಬತ್ತೊಂಬತ್ತನ್ನು ತೆರೆಯುವ ದಿನ ನಾನೂ ಅಟ್ಟಣಿಗೆ ಹತ್ತಿದೆ. ಅಪ್ಪಲರಾಜು ಗ್ರೈಂಡರ್ ಹಿಡಿದು ತನ್ನದೇ ವೆಲ್ಡನ್ನು ಪದರ ಪದರವಾಗಿ ಕೆರೆದು, ತಳ ಸಮೀಪಿಸಿದಾಗ ನಿಲ್ಲಿಸಿ ಒರೆಸಿದ. ಫಿಲ್ಮಿನಲ್ಲಿ ಕಂಡ ಗೆರೆ ಲೋಹದಲ್ಲೇ ಇತ್ತು. ಉಗುರು ಹಾಕಿದರೆ ಸಿಕ್ಕಿಕೊಳ್ಳುತ್ತಿತ್ತು. ಕೆಳಗೆ ಕ್ಯಾಂಟೀನಿನ ಗಂಟೆ ಹೊಡೆಯಿತು, ಜನ ತಟ್ಟೆ ಹಿಡಿದು ಹೊರಟರು.

"ಇಪ್ಪುಡೈನಾ ತಿಟ್ಟಂಡಿ ಸಾರ್" ಎಂದ ಅವನು. ಈಗಲಾದರೂ ಬೈಯಿರಿ ಎಂದು.

"ಬೈಯುವ ಸರದಿ ನಿನ್ನದು" ಎಂದೆ, ನನ್ನ ಹರಕು ತೆಲುಗಿನಲ್ಲಿ.

ಅವನು ಮುಖದ ಗವಸು ಎತ್ತಿ ನಕ್ಕ. ನೀವು ಬೈಯುವುದನ್ನು ನಿಲ್ಲಿಸಿದಾಗಲೇ ನನಗೆ ಅನುಮಾನ ಬಂತು, ಮೂರು ತಿಂಗಳಲ್ಲಿ ನನ್ನ ಕೈ ಅಷ್ಟು ಒಳ್ಳೆಯದಾಗುವುದು ಹೇಗೆ ಎಂದ. ನಾನು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ ಅದು. ಚರ್ಚಾಸ್ಪರ್ಧೆಯ ಷೀಲ್ಡು ಇಲ್ಲದವನು ಕೇಳಿಕೊಂಡಿದ್ದ.

ಸ್ಟೀಮು ಹದಿನೈದು ದಿನ ತಡವಾಗಿ ಹೊರಟಿತು. ನನ್ನ ಸಹಿಯ ಅಧಿಕಾರವನ್ನು ಆರು ತಿಂಗಳು ಹಿಂತೆಗೆದುಕೊಂಡರು. ಆ ಆರು ತಿಂಗಳು ನಾನು ನಿಜಕ್ಕೂ ಫಿಲ್ಮು ತೊಳೆದೆ. ನಂಜುಂಡಯ್ಯನವರಿಗೆ ಒಂದು ಎಚ್ಚರಿಕೆ ಪತ್ರ ಬಂತು, ಅವರ ಸೇವೆಯಲ್ಲಿ ಮೊದಲನೆಯದು. ಓದಿ, ಮಡಚಿ, ಟೈಂಪೀಸಿನ ಕೆಳಗಿಟ್ಟರು. ಅದರ ಬಗ್ಗೆ ನನ್ನ ಹತ್ತಿರ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಸುಲಭವಾಗುತ್ತಿತ್ತು.

ಕಂಪನಿ ಪಾಠ ಕಲಿತು ಹೊಸ ಹಾಳೆ ಅಚ್ಚು ಹಾಕಿಸಿತು. ಪ್ರತಿ ಮೂವತ್ತನೆಯ ಸಾಲಿನ ಕೆಳಗೆ ವಿರಾಮ ಆರಂಭ, ವಿರಾಮ ಮುಕ್ತಾಯ ಎಂದು ಎರಡು ಖಾನೆ. ಎರಡು ತಿಂಗಳಲ್ಲಿ ನಮ್ಮ ಇಂಟರ್‌ಪ್ರಿಟರುಗಳು ಬೆಳಿಗ್ಗೆ ಬಂದ ಕೂಡಲೇ ಇಡೀ ದಿನದ ವಿರಾಮದ ಸಮಯಗಳನ್ನು ಮೊದಲೇ ತುಂಬಿಡತೊಡಗಿದರು. ನನಗೆ ಆಶ್ಚರ್ಯವಾಗಲಿಲ್ಲ. ಅಧಿಕಾರ ಮರಳಿದ ಮೇಲೆ ನಾನು ನನ್ನ ಕೋಣೆಯಲ್ಲಿ ಮಾಡಿಕೊಂಡದ್ದು ಒಂದೇ ಬದಲಾವಣೆ: ಪೆನ್ನನ್ನು ಕತ್ತಲೆ ಕೋಣೆಯ ಹೊರಗೆ ದಾರ ಕಟ್ಟಿ ತೂಗುಹಾಕಿದೆ. ಒಂದು ಜಾಯಿಂಟಿನ ಆರು ಫಿಲ್ಮು ನೋಡಿ, ಎದ್ದು, ಬಾಗಿಲು ದಾಟಿ ಬರೆದು ಬರಬೇಕು. ಮೂವತ್ತಾದ ಮೇಲೆ ಕೂರಬೇಕು. ಕೂತು ಎದ್ದ ಮೇಲೆ ಎರಡು ಫಿಲ್ಮು ಮತ್ತೆ ನೋಡಬೇಕು: ನೆನಪಾಗದ ಒಂದು, ಬಹಳ ಚೆನ್ನಾಗಿ ನೆನಪಿರುವ ಒಂದು. ಎರಡನೆಯದನ್ನು ನಂಜುಂಡಯ್ಯನವರೂ ಅಳವಡಿಸಿಕೊಂಡರು, ನಿವೃತ್ತರಾಗುವವರೆಗೆ.

ಈಗ ಏಳು ವರ್ಷವಾಯಿತು. ಕೆಲಸದ ನಡುವೆ ನಿಂತು ಯೋಚಿಸಬೇಕೆಂದು ಬರೆಯುವವರೆಲ್ಲ ಆ ವಿರಾಮದಲ್ಲಿ ಶಾಂತಿ ಸಿಗುತ್ತದೆ, ಮನಸ್ಸು ಅರಳುತ್ತದೆ ಎನ್ನುತ್ತಾರೆ. ನನಗೆ ಇಂದಿಗೂ ಅಂಥದ್ದೇನೂ ಸಿಕ್ಕಿಲ್ಲ. ಮೊದಲ ನಾಲ್ಕು ನಿಮಿಷ ನಾನು ಯಾರದೋ ವಿರುದ್ಧ ಭಾಷಣ ಮಾಡುತ್ತಿರುತ್ತೇನೆ. ಆಮೇಲೆ ಭಾಷಣ ಮುಗಿಯುತ್ತದೆ, ಬೇಸರ ಶುರುವಾಗುತ್ತದೆ. ಎಲ್ಲರನ್ನೂ ಪ್ರಶ್ನಿಸುವ ನನ್ನ ಸಂಶಯಕ್ಕೆ ನನ್ನತ್ತ ತಿರುಗಲು ಅಷ್ಟು ಹೊತ್ತು ಹಿಡಿಯುತ್ತದೆ, ಸುಮಾರು ಏಳು ನಿಮಿಷ. ಉಳಿದ ಮೂರು ನಿಮಿಷಕ್ಕಾಗಿ ನಾನು ಕೂರುತ್ತೇನೆ.